ಹಾಳೆತಟ್ಟೆ ಘಟಕಕ್ಕೆ ಯಾವ ಇ-ಮೇಲ್ ಸೇವೆ?

ಪ್ರಶ್ನೆ: ತೀರ್ಥಹಳ್ಳಿ ಸಮೀಪ ನಮ್ಮದೊಂದು ಅಡಿಕೆ ಹಾಳೆತಟ್ಟೆ ಘಟಕವಿದೆ. ಒಟ್ಟು ಹದಿನಾಲ್ಕು ಜನರಿದ್ದೇವೆ, ಇ-ಮೇಲ್ ನೋಡುವವರು ಆರು ಮಂದಿ. ಏಳು ವರ್ಷಗಳಿಂದ ಒಂದೇ ಉಚಿತ ಜಿಮೇಲ್ ಖಾತೆಯನ್ನು ಒಂದೇ ಪಾಸ್‌ವರ್ಡಿನಲ್ಲಿ ಎಲ್ಲರೂ ತೆರೆಯುತ್ತೇವೆ. ಅದರ ಒಟಿಪಿ ಮಾತ್ರ ಕೆಲಸ ಬಿಟ್ಟುಹೋದ ಹುಡುಗನ ಮೊಬೈಲಿಗೆ ಹೋಗುತ್ತದೆ. ಕಳೆದ ವರ್ಷ ವೆಬ್‌ಸೈಟ್ ಮಾಡಿಸಿದಾಗ ಹೋಸ್ಟಿಂಗ್ ಜೊತೆಗೆ ಉಚಿತವಾಗಿ ಬಂದ ಇ-ಮೇಲ್‌ನಿಂದ ಜರ್ಮನಿಯ ಖರೀದಿದಾರರೊಬ್ಬರಿಗೆ ಕೊಟೇಶನ್ ಕಳುಹಿಸಿದೆವು. ಅದು ಅವರ ಸ್ಪ್ಯಾಮ್‌ನಲ್ಲಿ ಬಿದ್ದಿದ್ದು ನಮಗೆ ತಿಳಿದದ್ದು ಮೂರು ವಾರದ ಮೇಲೆ. ಗೂಗಲ್, ಮೈಕ್ರೋಸಾಫ್ಟ್, ಜೋಹೋ ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕು? ಮಳೆಗಾಲದಲ್ಲಿ ಇಲ್ಲಿ ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂಬುದನ್ನೂ ಗಮನದಲ್ಲಿಟ್ಟು ತಿಳಿಸಿ.

ಉತ್ತರ: ತಾವು ಕೇಳಿದ ಮೂರೂ ಸೇವೆಗಳು ಆರು ಜನರ ಕಚೇರಿಗೆ ಬೇಕಾದುದಕ್ಕಿಂತ ಹೆಚ್ಚನ್ನೇ ಕೊಡುತ್ತವೆ. ಆದ್ದರಿಂದ ಅವುಗಳ ನಡುವಿನ ಆಯ್ಕೆಯನ್ನು ಸ್ವಲ್ಪ ಮುಂದಕ್ಕೆ ಇಟ್ಟುಕೊಂಡು, ತಮ್ಮ ಪತ್ರದಲ್ಲಿಯೇ ಅಡಗಿರುವ, ಆದರೆ ತಾವು ಕೇಳದಿರುವ ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ವೆಬ್‌ಸೈಟ್ ಮಾಡಿಸಿದಾಗ ಕೊಂಡ ಡೊಮೇನ್, ಅಂದರೆ ವೆಬ್‌ಸೈಟಿಗೂ ಇ-ಮೇಲ್‌ಗೂ ವಿಳಾಸವಾಗುವ ಹೆಸರು, ಯಾರ ಹೆಸರಿನಲ್ಲಿದೆ?

ನನಗೆ ಪರಿಚಯವಿರುವ ಅಡಿಕೆ ವ್ಯಾಪಾರಿಯೊಬ್ಬರು ಇದೇ ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡರು. ವೆಬ್‌ಸೈಟ್ ಮಾಡಿಕೊಟ್ಟ ಯುವಕ ಡೊಮೇನನ್ನು ತನ್ನ ಸ್ವಂತ ಖಾತೆಯಲ್ಲಿ, ತನ್ನ ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸಿದ್ದ. ಮೋಸ ಮಾಡುವ ಉದ್ದೇಶ ಅವನಿಗೇನೂ ಇರಲಿಲ್ಲ, ಅದು ಅವನಿಗೆ ಸುಲಭವಾಗಿತ್ತು ಅಷ್ಟೆ. ಅವನು ಬೆಂಗಳೂರಿಗೆ ಹೋಗಿ ಸಂಖ್ಯೆ ಬದಲಿಸಿದ; ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಹೋಗುತ್ತಿದ್ದವು. ಒಂದು ಸೋಮವಾರ ಬೆಳಿಗ್ಗೆ ಮಂಡಿಗೆ ಬರಬೇಕಾದ ಇ-ಮೇಲ್‌ಗಳೆಲ್ಲ ನಿಂತವು. ಹಣ ಕೊಟ್ಟು ಕೊಂಡಿದ್ದ ಇ-ಮೇಲ್ ಸೇವೆ ಸರಿಯಾಗಿಯೇ ನಡೆಯುತ್ತಿತ್ತು, ಆದರೆ ಅದಕ್ಕೆ ಪತ್ರ ತಲುಪಿಸುವ ಹೆಸರೇ ಇಲ್ಲವಾಗಿತ್ತು. ಅವಧಿ ಮುಗಿದ ಹೆಸರನ್ನು ಹಳೆಯ ಮಾಲೀಕರು ಹಿಂಪಡೆಯಲು ಕೆಲವು ವಾರಗಳ ಅವಕಾಶವಿರುತ್ತದೆ. ಅದೂ ಕಳೆದರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು, ಕೊಂಡವರಿಗೆ ಹಳೆಯ ಮಾಲೀಕರ ಗ್ರಾಹಕರು ಬರೆಯುವ ಪತ್ರಗಳೂ ಹೋಗತೊಡಗುತ್ತವೆ. ಆ ವ್ಯಾಪಾರಿ ಆ ಹುಡುಗನ ಮನೆಯವರನ್ನು ಹುಡುಕಿ, ಅವನ ಸಂಖ್ಯೆ ಪಡೆದು, ಗಡುವಿನೊಳಗೆ ಹೇಗೋ ಪಾರಾದರು.

ಡೊಮೇನ್ ಎಂಬುದು ತಮ್ಮ ಅಂಗಡಿಯ ಬೋರ್ಡು, ಇ-ಮೇಲ್ ಸೇವೆ ಎಂಬುದು ಬಾಡಿಗೆಗೆ ಹಿಡಿದ ಮಳಿಗೆ. ಮಳಿಗೆ ಬದಲಿಸಬಹುದು, ಬೋರ್ಡು ಕೈತಪ್ಪಬಾರದು. ಆದ್ದರಿಂದ ಬೇರೇನನ್ನೂ ಮಾಡುವ ಮೊದಲು ಡೊಮೇನನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳಿ. ನೋಂದಣಿ ಖಾತೆಯಲ್ಲಿ ಮಾಲೀಕರ ಮೊಬೈಲ್ ಇರಲಿ. ಆ ಖಾತೆಯ ಇ-ಮೇಲ್ ಅದೇ ಡೊಮೇನಿನದ್ದಾಗಿರದೆ ಬೇರೆಯದಾಗಿರಲಿ. ಅದೇ ಡೊಮೇನಿನದ್ದಾದರೆ ಡೊಮೇನ್ ನಿಂತ ದಿನ ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಬರುವುದಿಲ್ಲ. ಸಾಧ್ಯವಿದ್ದರೆ ಒಂದೇ ಬಾರಿಗೆ ಮೂರು ಅಥವಾ ಐದು ವರ್ಷಗಳಿಗೆ ನವೀಕರಿಸಿ. ಡಾಟ್ ಇನ್ ಹೆಸರುಗಳ ನೋಂದಾವಣೆಯನ್ನು ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಅದರಡಿ ಕನ್ನಡ ಲಿಪಿಯ ಡಾಟ್ ಭಾರತ ಹೆಸರೂ ಸಿಗುತ್ತದೆ. ಅಭಿಮಾನಕ್ಕೆ ಅದನ್ನೂ ಕೊಳ್ಳಿರಿ, ತಪ್ಪಿಲ್ಲ. ಆದರೆ ಜರ್ಮನಿಯವರು ಅದನ್ನು ಟೈಪ್ ಮಾಡಲಾರರು, ಕನ್ನಡ ಲಿಪಿಯ ವಿಳಾಸವನ್ನು ಸ್ವೀಕರಿಸದ ಸರ್ವರ್‌ಗಳು ಇಂದಿಗೂ ಬೇಕಾದಷ್ಟಿವೆ. ರಫ್ತಿನ ವ್ಯವಹಾರಕ್ಕೆ ಡಾಟ್ ಇನ್ ಅಥವಾ ಡಾಟ್ ಕಾಮ್ ಇರಲಿ.

ಇನ್ನು ಸ್ಪ್ಯಾಮ್‌ಗೆ ಬಿದ್ದ ಕೊಟೇಶನ್. ಇದನ್ನು ತಾವೇ ಪರೀಕ್ಷಿಸಬಹುದು. ಹೋಸ್ಟಿಂಗ್‌ನ ಆ ವಿಳಾಸದಿಂದ ತಮ್ಮ ಜಿಮೇಲ್‌ಗೆ ಒಂದು ಪತ್ರ ಕಳುಹಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಬಲಬದಿಯ ಮೂರು ಚುಕ್ಕೆಗಳನ್ನು ಒತ್ತಿದರೆ 'ಶೋ ಒರಿಜಿನಲ್' ಎಂಬ ಸಾಲು ಕಾಣುತ್ತದೆ. ಅದರೊಳಗೆ, ಪುಟದ ಮೇಲ್ಭಾಗದಲ್ಲಿಯೇ, ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಸಾಲುಗಳಿರುತ್ತವೆ. ಪ್ರತಿಯೊಂದರ ಮುಂದೆ ಪಾಸ್ ಅಥವಾ ಫೇಲ್ ಎಂದಿರುತ್ತದೆ, ಕೆಲವೊಮ್ಮೆ ಆ ಸಾಲೇ ಇರುವುದಿಲ್ಲ. ತಮ್ಮ ಪತ್ರದಲ್ಲಿ ಡಿಕೆಐಎಂ ಸಾಲು ಇಲ್ಲದಿರುವ ಸಂಭವವೇ ಹೆಚ್ಚೆಂದು ನನ್ನ ಊಹೆ.

ಈ ಮೂರು ಹೆಸರುಗಳಿಗೆ ಹೆದರಬೇಕಾಗಿಲ್ಲ. ತಮ್ಮ ಹೆಸರಿನಲ್ಲಿ ಪತ್ರ ಸಾಗಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಎಂಬ ಪಟ್ಟಿಯನ್ನು ಡೊಮೇನಿನ ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್‌ನೆಟ್ಟಿನ ವಿಳಾಸ ಪುಸ್ತಕದಲ್ಲಿ, ಬರೆದಿಡುವುದು ಎಸ್‌ಪಿಎಫ್. ಮೂಟೆಯ ಬಾಯಿ ಹೊಲಿದು ಮುದ್ರೆ ಒತ್ತಿ ಕಳುಹಿಸಿದರೆ ದಾರಿಯಲ್ಲಿ ಯಾರೂ ಬಿಚ್ಚಿಲ್ಲವೆಂದು ಮುಟ್ಟಿದ ಕಡೆ ಗೊತ್ತಾಗುವಂತೆ, ಪತ್ರಕ್ಕೆ ಒತ್ತುವ ಗಣಕ ಮುದ್ರೆ ಡಿಕೆಐಎಂ. ಈ ಎರಡರಲ್ಲಿ ಒಂದೂ ಪಾಸಾಗದಿದ್ದರೆ, ಅಥವಾ ಪಾಸಾದದ್ದರಲ್ಲಿರುವ ಹೆಸರು ಕಳುಹಿಸಿದವರ ವಿಳಾಸದ ಹೆಸರಿಗೆ ಹೊಂದದಿದ್ದರೆ, ಪತ್ರವನ್ನು ಏನು ಮಾಡಬೇಕೆಂದು ಎದುರಿನ ಸರ್ವರ್‌ಗೆ ತಾವು ಕೊಡುವ ಸೂಚನೆ ಡಿಮಾರ್ಕ್: ನನ್ ಎಂದರೆ ಸುಮ್ಮನೆ ವರದಿ ಮಾಡು, ಕ್ವಾರಂಟೈನ್ ಎಂದರೆ ಸ್ಪ್ಯಾಮ್‌ಗೆ ಹಾಕು, ರಿಜೆಕ್ಟ್ ಎಂದರೆ ಬಾಗಿಲಲ್ಲೇ ತಿರುಗಿಸು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ವಿಳಾಸಗಳಿಗೆ ಯಾರೇ ಪತ್ರ ಕಳುಹಿಸಿದರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಇರಲೇಬೇಕು, ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಮೂರೂ ಬೇಕು. ತಾವು ದಿನಕ್ಕೆ ನಲವತ್ತು ಪತ್ರ ಬರೆಯುವವರಾದರೂ ಮೂರನ್ನೂ ಹಾಕಿಸಿಕೊಳ್ಳಿ.

ಹೋಸ್ಟಿಂಗ್ ಜೊತೆ ಬರುವ ಉಚಿತ ಇ-ಮೇಲ್‌ನಲ್ಲಿ ಇನ್ನೊಂದು ತೊಡಕಿದೆ. ಒಂದೇ ಸರ್ವರಿನಲ್ಲಿ ನೂರಾರು ವೆಬ್‌ಸೈಟ್‌ಗಳು ವಾಸವಾಗಿರುತ್ತವೆ, ಎಲ್ಲರ ಪತ್ರಗಳೂ ಒಂದೇ ಐಪಿ ವಿಳಾಸದಿಂದ, ಅಂದರೆ ಆ ಸರ್ವರಿನ ಸಂಖ್ಯಾರೂಪದ ವಿಳಾಸದಿಂದ, ಹೊರಡುತ್ತವೆ. ಅವರಲ್ಲಿ ಯಾರೋ ಒಬ್ಬರ ವೆಬ್‌ಸೈಟಿಗೆ ಕಳ್ಳರು ನುಗ್ಗಿ ಅಲ್ಲಿಂದ ಸಾವಿರಾರು ಕೆಟ್ಟ ಪತ್ರಗಳನ್ನು ಬಿಟ್ಟರೆ ಆ ಐಪಿ ಕಪ್ಪುಪಟ್ಟಿಗೆ ಸೇರುತ್ತದೆ, ಜೊತೆಗೆ ತಮ್ಮ ಕೊಟೇಶನ್ನೂ. ವೆಬ್‌ಸೈಟ್ ಅಲ್ಲಿಯೇ ಇರಲಿ, ಇ-ಮೇಲನ್ನು ಅಲ್ಲಿಂದ ಎತ್ತಿಬಿಡಿ. ಎರಡೂ ಒಂದೇ ಕಡೆ ಇರಬೇಕೆಂಬ ನಿಯಮವಿಲ್ಲ. ಎಂಎಕ್ಸ್ ಎಂಬ ಡಿಎನ್‌ಎಸ್ ದಾಖಲೆಯೊಂದು ಪತ್ರಗಳನ್ನು ಬೇರೆ ಕಡೆಗೆ ತಿರುಗಿಸುತ್ತದೆ, ವೆಬ್‌ಸೈಟಿಗೆ ಅದರ ಅರಿವೂ ಆಗುವುದಿಲ್ಲ.

ಈಗ ಮೂರು ಸೇವೆಗಳ ವಿಚಾರ. ತಮ್ಮಂತಹ ಘಟಕಕ್ಕೆ ನಾನು ಮೊದಲು ಸೂಚಿಸುವುದು ಜೋಹೋ ಮೇಲ್‌ನ ಹಣ ಕೊಟ್ಟು ಪಡೆಯುವ ಕನಿಷ್ಠ ಯೋಜನೆಯನ್ನು. ಚೆನ್ನೈನ ಕಂಪನಿ, ಭಾರತದ ಗ್ರಾಹಕರ ದತ್ತಾಂಶ ಮುಂಬೈ ಮತ್ತು ಚೆನ್ನೈ ಕೇಂದ್ರಗಳಲ್ಲಿರುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯ ಕಾರಣವೆಂದರೆ ತಮಗೆ ಬೇಕಿರುವುದು ಇ-ಮೇಲ್ ಮಾತ್ರ. ಲೆಕ್ಕ ಟ್ಯಾಲಿಯಲ್ಲಿ, ಕೂಲಿಯವರ ಹಾಜರಿ ಪುಸ್ತಕದಲ್ಲಿ, ಮಾತುಕತೆ ವಾಟ್ಸ್‌ಆ್ಯಪ್‌ನಲ್ಲಿ ನಡೆಯುವ ಕಚೇರಿಗೆ ವಿಡಿಯೋ ಸಭೆ, ಸ್ಲೈಡು, ಕೃತಕ ಬುದ್ಧಿಮತ್ತೆಯ ಸಹಾಯಕ ಇವೆಲ್ಲ ಸೇರಿದ ಕಟ್ಟನ್ನು ಕೊಳ್ಳುವುದು ಗಂಧದ ಕೊರಡಿನಿಂದ ಒಲೆ ಉರಿಸಿದಂತೆ. ಮೂರು ಕಂಪನಿಗಳಲ್ಲಿ ಇ-ಮೇಲ್ ಒಂದನ್ನೇ ಅತಿ ಕಡಿಮೆ ದರಕ್ಕೆ ಕೊಡುವುದು ಇದೇ. ಐದು ಜನರವರೆಗೆ ಇದರಲ್ಲಿ ಉಚಿತ ಯೋಜನೆಯೂ ಇದೆ, ಆದರೆ ಅದಕ್ಕೆ ಐಮ್ಯಾಪ್ ಸೌಲಭ್ಯವಿಲ್ಲ. ಅಂದರೆ ಔಟ್‌ಲುಕ್, ಥಂಡರ್‌ಬರ್ಡ್‌ನಂತಹ ತಂತ್ರಾಂಶದಲ್ಲಿ ಪತ್ರಗಳನ್ನು ತರಿಸಿ ಕಂಪ್ಯೂಟರಿನಲ್ಲಿ ಪ್ರತಿ ಇಟ್ಟುಕೊಳ್ಳಲಾಗದು. ಮಲೆನಾಡಿನ ಮಳೆಗಾಲಕ್ಕೆ ಆ ಒಂದು ಕೊರತೆಯೇ ಸಾಕು, ಉಚಿತವನ್ನು ಬಿಡಲು.

ಗೂಗಲ್ ವರ್ಕ್‌ಸ್ಪೇಸನ್ನು ಆರಿಸಲು ಒಂದೇ ಬಲವಾದ ಕಾರಣವಿದೆ: ತಮ್ಮ ಆರೂ ಜನರ ಕೈಗೆ ಜಿಮೇಲ್ ಪಳಗಿದೆ. ಇದನ್ನು ಹಗುರವಾಗಿ ಕಾಣಬೇಡಿ. ಹೊಸ ಪರದೆಗೆ ಹೊಂದಿಕೊಳ್ಳಲಾಗದೆ ಹಳೆಯ ಖಾತೆಯಿಂದಲೇ ಗುಟ್ಟಾಗಿ ಪತ್ರ ಬರೆಯುತ್ತಾ ಹೋಗುವ ಹಿರಿಯ ಗುಮಾಸ್ತರನ್ನು ನಾನು ಕಂಡಿದ್ದೇನೆ; ಆಮೇಲೆ ಯಾವ ಆರ್ಡರ್ ಯಾವ ಪೆಟ್ಟಿಗೆಯಲ್ಲಿದೆ ಎಂದು ಹುಡುಕುವುದೇ ಕೆಲಸವಾಗುತ್ತದೆ. ತಮ್ಮಲ್ಲಿಯೂ ಅಂಥವರಿದ್ದರೆ ಹೆಚ್ಚಿನ ಹಣ ಕೊಟ್ಟು ಗೂಗಲ್‌ಗೇ ಹೋಗಿ. ಅದರ ಆರಂಭಿಕ ಯೋಜನೆಯಲ್ಲಿ ಒಬ್ಬರಿಗೆ 30 ಜಿಬಿ ಜಾಗವಿದೆ, ಉಚಿತ ಖಾತೆಯಲ್ಲಿರುವುದು 15 ಜಿಬಿ. ಉಚಿತ ಖಾತೆಯಿಂದ ದಿನಕ್ಕೆ 500 ಪತ್ರಗಳ ಮಿತಿಯಾದರೆ ಇಲ್ಲಿ 2,000. ಮೈಕ್ರೋಸಾಫ್ಟ್ ತಮಗೆ ಬೇಕಾಗುವುದು ಕಚೇರಿಯ ಕೆಲಸವೆಲ್ಲ ಎಕ್ಸೆಲ್‌ನಲ್ಲಿಯೇ ನಡೆಯುತ್ತಿದ್ದರೆ ಮಾತ್ರ. ಆಗಲೂ ಒಂದು ಎಚ್ಚರ ಬೇಕು, ಅದರ ಬಿಸಿನೆಸ್ ಬೇಸಿಕ್ ಯೋಜನೆಯಲ್ಲಿ ಸಿಗುವ ಎಕ್ಸೆಲ್ ಬ್ರೌಸರ್ ಮತ್ತು ಮೊಬೈಲಿನದು, ಕಂಪ್ಯೂಟರಿನಲ್ಲಿ ಸ್ಥಾಪಿಸುವಂಥದ್ದಲ್ಲ. ನೆಟ್ ಹೋದ ದಿನ ಅದೂ ಹೋಯಿತೆಂದೇ ಲೆಕ್ಕ.

ದರಗಳನ್ನು ನಾನು ಬರೆಯುತ್ತಿಲ್ಲ, ಏಕೆಂದರೆ ಅವು ಬದಲಾಗುತ್ತಲೇ ಇರುತ್ತವೆ. ಹೋಲಿಸುವಾಗ ಮೊದಲ ಕೆಲವು ತಿಂಗಳ ರಿಯಾಯಿತಿ ದರವನ್ನು ಬಿಟ್ಟು ನವೀಕರಣದ ದರವನ್ನೇ ಹೋಲಿಸಿ. ಮೇಲೆ ಶೇ 18ರ ಜಿಎಸ್‌ಟಿ ಸೇರುತ್ತದೆ; ಖಾತೆ ತೆರೆಯುವಾಗಲೇ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ಕೊಟ್ಟರೆ ಹೂಡುವಳಿ ತೆರಿಗೆ ಜಮೆ ಸಿಗುತ್ತದೆ, ಆಮೇಲೆ ಸೇರಿಸುತ್ತೇವೆಂದರೆ ಹಳೆಯ ಬಿಲ್ಲುಗಳಿಗೆ ತಿಣುಕಬೇಕಾಗುತ್ತದೆ.

ಎಷ್ಟು ಖಾತೆ ಬೇಕೆಂಬಲ್ಲಿ ಹಲವರು ಹಣ ಕಳೆಯುತ್ತಾರೆ. ಸೇಲ್ಸ್, ಅಕೌಂಟ್ಸ್, ಎಕ್ಸ್‌ಪೋರ್ಟ್, ಇನ್ಫೋ ಎಂದು ನಾಲ್ಕು ವಿಳಾಸಗಳು ಬೇಕೆಂದ ಮಾತ್ರಕ್ಕೆ ನಾಲ್ಕು ಖಾತೆಗಳನ್ನು ಕೊಳ್ಳಬೇಕಾಗಿಲ್ಲ. ಇವನ್ನು ಅಲಿಯಾಸ್ (ಇರುವ ಖಾತೆಗೇ ಇನ್ನೊಂದು ಹೆಸರು) ಅಥವಾ ಗುಂಪು ವಿಳಾಸವಾಗಿ ಮಾಡಿದರೆ ಮೂರು ಕಂಪನಿಗಳೂ ಪ್ರತ್ಯೇಕ ಶುಲ್ಕ ಕೇಳುವುದಿಲ್ಲ. ಸೇಲ್ಸ್‌ಗೆ ಬಂದ ಪತ್ರ ಆ ಗುಂಪಿನಲ್ಲಿರುವ ಎಲ್ಲರಿಗೂ ಕಾಣುತ್ತದೆ, ಉತ್ತರ ಬರೆದವರು ಯಾರೆಂಬುದೂ ದಾಖಲಾಗುತ್ತದೆ. ಹಣ ಕೊಡಬೇಕಾದದ್ದು ಮನುಷ್ಯರ ಲೆಕ್ಕದಲ್ಲಿ, ಹುದ್ದೆಗಳ ಲೆಕ್ಕದಲ್ಲಲ್ಲ. ಒಬ್ಬರಿಗೆ ಒಂದು ಖಾತೆ, ಒಂದು ಪಾಸ್‌ವರ್ಡ್ ಎಂಬುದನ್ನು ಮಾತ್ರ ಸಡಿಲಿಸಬೇಡಿ. ಕೆಲಸ ಬಿಟ್ಟವರ ಖಾತೆಯನ್ನು ಅಂದೇ ನಿಲ್ಲಿಸಿ, ಅದರಲ್ಲಿನ ಪತ್ರಗಳನ್ನು ಮುಂದೆ ಆ ಕೆಲಸ ನೋಡುವವರಿಗೆ ಒಪ್ಪಿಸುವ ಅಧಿಕಾರ ಅಡ್ಮಿನ್‌ಗೆ ಇರುತ್ತದೆ. ಆ ಹುಡುಗನ ಮೊಬೈಲಿಗೆ ಒಟಿಪಿ ಹೋಗುವ ಅವಸ್ಥೆ ಮತ್ತೆ ಬರುವುದಿಲ್ಲ. ಅಡ್ಮಿನ್ ಅಧಿಕಾರ ಮನೆಯ ಇಬ್ಬರಲ್ಲಿರಲಿ, ಒಬ್ಬರಲ್ಲಿ ಮಾತ್ರ ಬೇಡ. ಎರಡು ಹಂತದ ದೃಢೀಕರಣವನ್ನು ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್‌ನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಆ ಆ್ಯಪ್ ಸಿಗ್ನಲ್ ಇಲ್ಲದ ಕಡೆಯೂ ಸಂಖ್ಯೆ ತೋರಿಸುತ್ತದೆ, ಎಸ್‌ಎಂಎಸ್‌ಗಾದರೋ ಟವರ್ ಸಿಗುವ ಗುಡ್ಡ ಹತ್ತಬೇಕು. ತುರ್ತಿಗೆಂದು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ತಿಜೋರಿಯಲ್ಲಿ, ಪಹಣಿ ಪತ್ರಗಳ ಜೊತೆಯಲ್ಲಿಡಿ.

ಮಳೆಗಾಲದ ಮಾತಿಗೆ ಬರೋಣ. ಆಷಾಢದಲ್ಲಿ ಮರ ಬಿದ್ದು ಎರಡು ದಿನ ವಿದ್ಯುತ್ತಿಲ್ಲ, ಫೈಬರ್ ತುಂಡಾಗಿದೆ ಎಂದರೆ ಯಾವ ಕಂಪನಿಯ ಸೇವೆಯೂ ತಮ್ಮ ಮನೆಬಾಗಿಲಿಗೆ ಬರದು. ಆದರೆ ತಮಗೆ ಬರುವ ಪತ್ರಗಳು ಕಳೆದುಹೋಗುವುದಿಲ್ಲ, ಅವು ಕಂಪನಿಯ ಸರ್ವರಿನಲ್ಲಿ ಸೇರುತ್ತಲೇ ಇರುತ್ತವೆ. ಕಚೇರಿಯಲ್ಲಿಯೇ ಸ್ವಂತ ಮೇಲ್ ಸರ್ವರ್ ಇಡುತ್ತೇವೆಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ ಎನ್ನುವುದು ಇದಕ್ಕೇ. ಹಳೆಯ ಪತ್ರಗಳನ್ನು ಓದುವುದಕ್ಕೆ, ಉತ್ತರ ಸಿದ್ಧಪಡಿಸುವುದಕ್ಕೆ ನೆಟ್ ಬೇಕಾಗದಂತೆ ಮಾಡಿಕೊಳ್ಳಬಹುದು. ಕಚೇರಿಯ ಮುಖ್ಯ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಹಾಕಿ ಐಮ್ಯಾಪ್ ಮೂಲಕ ಜೋಡಿಸಿದರೆ ಎಲ್ಲ ಪತ್ರಗಳ ಪ್ರತಿ ಅಲ್ಲಿರುತ್ತದೆ; ಬರೆದ ಉತ್ತರಗಳನ್ನು ಔಟ್‌ಬಾಕ್ಸಿನಲ್ಲಿಟ್ಟು, ನೆಟ್ ಬಂದಾಗ ಒಟ್ಟಿಗೆ ಕಳುಹಿಸಬಹುದು. ಗೂಗಲ್‌ಗೆ ಹೋದರೆ ಕ್ರೋಮ್‌ನ ಆಫ್‌ಲೈನ್ ಸೌಲಭ್ಯದಲ್ಲಿ 7, 30 ಅಥವಾ 90 ದಿನಗಳ ಪತ್ರಗಳನ್ನು ಇಟ್ಟುಕೊಳ್ಳುವ ಆಯ್ಕೆಯಿದೆ, ಮೇ ತಿಂಗಳಲ್ಲಿಯೇ 90 ದಿನ ಮಾಡಿಡಿ. ಪಾಪ್ ಎಂಬ ಹಳೆಯ ವಿಧಾನದಲ್ಲಿ ಮಾತ್ರ ಜೋಡಿಸಬೇಡಿ. ಅದು ಸಾಮಾನ್ಯವಾಗಿ ಪತ್ರವನ್ನು ಸರ್ವರಿನಿಂದ ಅಳಿಸಿ ಒಂದೇ ಕಂಪ್ಯೂಟರಿಗೆ ಎಳೆದುಕೊಳ್ಳುತ್ತದೆ. ಸಿಡಿಲಿಗೆ ಆ ಕಂಪ್ಯೂಟರ್ ಹೋದರೆ ಏಳು ವರ್ಷದ ವ್ಯವಹಾರ ಹೋಯಿತು. ನಮ್ಮ ಕಡೆಯ ಸಿಡಿಲು ತಮಗೆ ಹೊಸದಲ್ಲ.

ದುರ್ಬಲ ಸಂಪರ್ಕದಲ್ಲಿ ಅಟ್ಯಾಚ್‌ಮೆಂಟ್‌ಗಳೂ ಕಾಡುತ್ತವೆ. ಜಿಮೇಲ್‌ನ ಮಿತಿ 25 ಎಂಬಿ. ಆದರೆ ಕಳುಹಿಸುವಾಗ ಕಡತವನ್ನು ಅಕ್ಷರರೂಪಕ್ಕೆ ತಿರುಗಿಸುವುದರಿಂದ ಅದು ಮೂರನೇ ಒಂದರಷ್ಟು ಉಬ್ಬುತ್ತದೆ, ಹೀಗಾಗಿ 20 ಎಂಬಿಯ ತಟ್ಟೆಗಳ ಚಿತ್ರಸಂಪುಟವೇ ಎದುರಿನವರ ಮಿತಿಯನ್ನು ದಾಟಿ ಹಿಂದಿರುಗಬಹುದು. ಫೋಟೋಗಳನ್ನು ಕುಗ್ಗಿಸಿ, ಇಲ್ಲವೆ ಕೊಂಡಿ ಕಳುಹಿಸಿ.

ಇನ್ನೊಂದನ್ನು ಬಿಡುವಂತಿಲ್ಲ. ರಫ್ತು ಮಾಡುವವರಿಗೆ ದೊಡ್ಡ ಅಪಾಯ ಸ್ಪ್ಯಾಮ್‌ಗಿಂತ ಹೆಚ್ಚಾಗಿ ಬ್ಯಾಂಕ್ ಖಾತೆ ಬದಲಿಸುವ ವಂಚನೆಯಿಂದ ಬರುತ್ತದೆ. ಕಳ್ಳರು ಪೆಟ್ಟಿಗೆಯೊಳಗೆ ಸದ್ದಿಲ್ಲದೆ ಕುಳಿತು ಪತ್ರಗಳನ್ನು ಓದುತ್ತಾರೆ. ಪ್ರೊಫಾರ್ಮಾ ಇನ್‌ವಾಯ್ಸ್ ಹೋದ ಮರುದಿನ ತಮ್ಮ ಹೆಸರಿನಲ್ಲಿ, 'ನಮ್ಮ ಬ್ಯಾಂಕ್ ಬದಲಾಗಿದೆ, ಈ ಖಾತೆಗೆ ಹಾಕಿ' ಎಂದು ಖರೀದಿದಾರರಿಗೆ ಬರೆಯುತ್ತಾರೆ. ಒಂದೇ ಪಾಸ್‌ವರ್ಡನ್ನು ಆರು ಜನ ಏಳು ವರ್ಷ ಬಳಸಿದ ಪೆಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಇಂದೇ ಆ ಹಳೆಯ ಜಿಮೇಲ್‌ನ ಸೆಟ್ಟಿಂಗ್ಸ್ ತೆರೆದು, ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪುಟಗಳಲ್ಲಿ ತಾವು ಹಾಕದ ಯಾವುದಾದರೂ ವಿಳಾಸವೋ ನಿಯಮವೋ ಇದೆಯೇ ಎಂದು ನೋಡಿ. ಡಿಮಾರ್ಕ್ ಕ್ವಾರಂಟೈನ್ ಅಥವಾ ರಿಜೆಕ್ಟ್ ಹಂತದಲ್ಲಿದ್ದರೆ ತಮ್ಮದೇ ಡೊಮೇನಿನ ಹೆಸರು ಹಾಕಿಕೊಂಡು ಬರುವ ನಕಲಿ ಪತ್ರಗಳು ತಡೆಯಲ್ಪಡುತ್ತವೆ, ಆದರೆ ಒಂದಕ್ಷರ ಬದಲಿಸಿ ಕೊಂಡ ನಕಲಿ ಡೊಮೇನನ್ನು ಅದು ತಡೆಯಲಾರದು. ಆದ್ದರಿಂದ ಬ್ಯಾಂಕ್ ವಿವರ ಬದಲಾದರೆ ಫೋನಿನಲ್ಲಿ ಮಾತನಾಡಿಯೇ ಖಚಿತಪಡಿಸಿಕೊಳ್ಳಬೇಕೆಂದು ಖರೀದಿದಾರರಿಗೆ ಮೊದಲೇ ತಿಳಿಸಿ, ಇನ್‌ವಾಯ್ಸಿನ ಅಡಿಯಲ್ಲಿಯೂ ಆ ಸಾಲು ಮುದ್ರಿಸಿ. ತಮ್ಮಿಂದಲೇ ಹಣ ಹೋಗಿಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ, ಅಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಹಬ್ಬದ ಶುಭಾಶಯ, ಹೊಸ ದರಪಟ್ಟಿಗಳನ್ನು ನೂರಾರು ಜನರಿಗೆ ಒಟ್ಟಿಗೆ ಕಳುಹಿಸುವ ಯೋಚನೆಯಿದ್ದರೆ ಅದನ್ನು ಈ ಖಾತೆಗಳಿಂದ ಮಾಡಬೇಡಿ. ಅದಕ್ಕೆಂದೇ ಬೇರೆ ಸೇವೆಗಳಿವೆ, ಅವನ್ನು ಡೊಮೇನಿನ ಬೇರೊಂದು ಉಪಹೆಸರಿನಲ್ಲಿ ನಡೆಸಿದರೆ ಅಲ್ಲಿನ ದೂರುಗಳು ಕೊಟೇಶನ್ನಿನ ಹೆಸರನ್ನು ಕೆಡಿಸುವುದಿಲ್ಲ. ಕನ್ನಡದಲ್ಲಿ ಬರೆಯುವುದಾದರೆ ಯುನಿಕೋಡ್ ಇರಲಿ. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪಿಸಿ ಅಂಟಿಸಿದ ಪತ್ರ ಎದುರಿನವರಿಗೆ ಅರ್ಥವಾಗದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ.

ಬದಲಾವಣೆಯ ಕೆಲಸವನ್ನು ಕೊಯ್ಲು, ರವಾನೆಗಳ ಗಡಿಬಿಡಿಯಿಲ್ಲದ ವಾರದಲ್ಲಿ ಇಟ್ಟುಕೊಳ್ಳಿ. ಹಿಂದಿನ ದಿನವೇ ಎಂಎಕ್ಸ್ ದಾಖಲೆಯ ಟಿಟಿಎಲ್ ಅನ್ನು, ಅಂದರೆ ಬೇರೆ ಸರ್ವರ್‌ಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿದರೆ ಬದಲಾವಣೆ ಬೇಗ ಹರಡುತ್ತದೆ. ಶನಿವಾರ ಸಂಜೆ ಎಂಎಕ್ಸ್ ಬದಲಿಸಿ, ಅದರ ಜೊತೆಗೇ ಎಸ್‌ಪಿಎಫ್ ಮತ್ತು ಡಿಕೆಐಎಂ ಹಾಕಿ, ಡಿಮಾರ್ಕನ್ನು ಮೊದಲು ನನ್‌ನಲ್ಲಿಡಿ. ಒಂದು ತಿಂಗಳು ವರದಿಗಳನ್ನು ನೋಡಿ, ತಮ್ಮ ಪತ್ರಗಳೆಲ್ಲ ಪಾಸಾಗುತ್ತಿವೆ ಎಂದು ಖಚಿತವಾದ ಮೇಲೆ ಕ್ವಾರಂಟೈನ್‌ಗೆ ಏರಿಸಿ. ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಹೋಸ್ಟಿಂಗ್‌ನವರ ಹಳೆಯದನ್ನು ಹಾಗೆಯೇ ಬಿಟ್ಟು ಇನ್ನೊಂದು ಸೇರಿಸಿದರೆ ಎರಡೂ ಕೆಲಸ ಮಾಡುವುದಿಲ್ಲ. ಇದು ನಾನು ಅತಿ ಹೆಚ್ಚು ಕಂಡ ತಪ್ಪು. ಹಳೆಯ ಪತ್ರಗಳನ್ನು ಹೊಸ ಪೆಟ್ಟಿಗೆಗೆ ಐಮ್ಯಾಪ್ ಮೂಲಕ ಸಾಗಿಸುವ ಸೌಲಭ್ಯವನ್ನು ಮೂರೂ ಕಂಪನಿಗಳು ಕೊಡುತ್ತವೆ, ತೀರ್ಥಹಳ್ಳಿಯ ನೆಟ್‌ನಲ್ಲಿ ಡೌನ್‌ಲೋಡ್ ಮಾಡಿ ಮತ್ತೆ ಏರಿಸುವ ಪಾಡು ಬೇಡ, ಅದು ಸರ್ವರಿನಿಂದ ಸರ್ವರಿಗೆ ಹೋಗುತ್ತದೆ. ಜಿಎಸ್‌ಟಿ ಕಾಯ್ದೆಯಡಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಡಬೇಕಾದ್ದರಿಂದ ಇನ್‌ವಾಯ್ಸ್‌ಗಳಿರುವ ಯಾವ ಪತ್ರವನ್ನೂ ಜಾಗ ಸಾಲದೆಂದು ಅಳಿಸಬೇಡಿ.

ಹಳೆಯ ಜಿಮೇಲ್ ಖಾತೆಯನ್ನು ಮುಚ್ಚುವ ಆತುರವೂ ಬೇಡ. ಆ ಹುಡುಗನನ್ನು ಒಮ್ಮೆ ಕರೆಸಿ, ಕಾಫಿ ಕೊಟ್ಟು, ಅವನೆದುರಿನಲ್ಲಿಯೇ ಒಟಿಪಿ ತರಿಸಿ ಸಂಖ್ಯೆಯನ್ನು ತಮ್ಮದಕ್ಕೆ ಬದಲಿಸಿ, ಪಾಸ್‌ವರ್ಡನ್ನೂ ಬದಲಿಸಿ. ಅಲ್ಲಿಗೆ ಬರುವ ಪತ್ರಗಳು ಹೊಸ ಸೇಲ್ಸ್ ವಿಳಾಸಕ್ಕೆ ತಾನಾಗಿ ಹೋಗುವಂತೆ ಫಾರ್ವರ್ಡ್ ಹಾಕಿ, ಹೊಸ ವಿಳಾಸ ತಿಳಿಸುವ ಸ್ವಯಂ ಉತ್ತರವನ್ನೂ ಇಡಿ. ಗೂಗಲ್ ಎರಡು ವರ್ಷ ಯಾರೂ ಬಳಸದ ಖಾತೆಗಳನ್ನು ಅಳಿಸುತ್ತದೆ, ಆದ್ದರಿಂದ ಆಯುಧಪೂಜೆಯ ದಿನ ಯಂತ್ರಗಳಿಗೆ ಪೂಜೆ ಮಾಡಿ ಬಂದ ಮೇಲೆ ಅದಕ್ಕೂ ಒಮ್ಮೆ ಲಾಗಿನ್ ಆಗಿ ನೋಡುವ ರೂಢಿ ಇಟ್ಟುಕೊಂಡರೆ, ಏಳು ವರ್ಷದ ಹಿಂದೆ ವಿಸಿಟಿಂಗ್ ಕಾರ್ಡ್ ಪಡೆದಿದ್ದ ಯಾರೋ ಒಬ್ಬ ಖರೀದಿದಾರರು ಆ ವಿಳಾಸಕ್ಕೇ ಬರೆದರೂ ಪತ್ರ ತಮ್ಮ ಕೈ ಸೇರುತ್ತದೆ.